ಹಲ್ಲು ಕೀಳಿಸಿದ ನಂತರದ ಆರೈಕೆ ಮತ್ತು ಧೂಮಪಾನ: ಸಾರ್ವಜನಿಕರ ತಿಳಿವಳಿಕೆಗಾಗಿ

1. ಪೀಠಿಕೆ

ಸರ್ಕಾರಿ ಆಸ್ಪತ್ರೆಗಳ ದಂತ ಚಿಕಿತ್ಸಾ ವಿಭಾಗಗಳಲ್ಲಿ ನೀಡಲಾಗುವ ಸೇವೆಗಳ ಪೈಕಿ ಹಲ್ಲು ಕೀಳುವುದು ಬಹು ಸಾಮಾನ್ಯವಾದುದು. ಹುಳುಕು, ವಸಡಿನ ರೋಗ, ಪೆಟ್ಟು ಅಥವಾ ಅಡ್ಡಲಾಗಿ ಬೆಳೆದ ಬುದ್ಧಿ ಹಲ್ಲು ಇದಕ್ಕೆ ಸಾಮಾನ್ಯ ಕಾರಣಗಳು. ಹಲ್ಲು ಕೀಳುವ ಕಾರ್ಯವು ಬಹುಪಾಲು ಸಂದರ್ಭಗಳಲ್ಲಿ ಅಲ್ಪ ಸಮಯದಲ್ಲಿ ಮುಗಿಯುತ್ತದೆ. ಆದರೆ ಗಾಯ ಮಾಯುವ ಕಾರ್ಯ ರೋಗಿಯ ಮನೆಯಲ್ಲಿ, ರೋಗಿಯ ನಡವಳಿಕೆಯನ್ನೇ ಅವಲಂಬಿಸಿ ನಡೆಯುತ್ತದೆ.

ಈ ಅವಧಿಯಲ್ಲಿ ಗಾಯಕ್ಕೆ ಅತಿ ಹೆಚ್ಚು ಹಾನಿ ಮಾಡುವ ಅಭ್ಯಾಸಗಳಲ್ಲಿ ಧೂಮಪಾನ ಮುಖ್ಯವಾದುದು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮತ್ತು ಮೇಲ್ಪಟ್ಟವರ ಪೈಕಿ ಶೇಕಡ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಆದ್ದರಿಂದ ಹಲ್ಲು ಕೀಳಿಸಿಕೊಳ್ಳಲು ಬರುವವರಲ್ಲಿ ಗಣನೀಯ ಸಂಖ್ಯೆಯವರಿಗೆ ಈ ವಿಷಯ ನೇರವಾಗಿ ಸಂಬಂಧಿಸುತ್ತದೆ. ಬೀಡಿ, ಸಿಗರೇಟು ಸೇದುವ ಅಭ್ಯಾಸವುಳ್ಳವರು ಹಲ್ಲು ಕೀಳಿಸುವ ಮೊದಲು ಮತ್ತು ನಂತರ ಅನುಸರಿಸಬೇಕಾದ ಕ್ರಮಗಳನ್ನು, ಅವುಗಳ ಕಾರಣ ಸಹಿತ, ಈ ಕೆಳಗೆ ವಿವರಿಸಲಾಗಿದೆ.

2. ಹಲ್ಲು ಕಿತ್ತ ಸ್ಥಳದಲ್ಲಿ ಗಾಯ ಮಾಯುವ ಬಗೆ

ಹಲ್ಲನ್ನು ಕಿತ್ತಾಗ ದವಡೆಯ ಮೂಳೆಯಲ್ಲಿ ಒಂದು ಕುಳಿ ಉಳಿಯುತ್ತದೆ. ಈ ಕುಳಿಯು ರಕ್ತದಿಂದ ತುಂಬಿ, ರಕ್ತವು ಹೆಪ್ಪುಗಟ್ಟುತ್ತದೆ. ಈ ಹೆಪ್ಪು ತೆಗೆದುಹಾಕಬೇಕಾದ ಕೊಳೆಯಲ್ಲ. ಒಳಗಿನ ಮೂಳೆ ಹಾಗೂ ನರದ ತುದಿಗಳನ್ನು ಗಾಳಿ, ಆಹಾರ, ಉಗುಳು ತಾಗದಂತೆ ಮುಚ್ಚುವ ಸಹಜವಾದ ಹೊದಿಕೆ ಅದೇ. ಹೊಸ ಅಂಗಾಂಶ ಬೆಳೆಯುವುದೂ ಅದರ ಆಧಾರದ ಮೇಲೆಯೇ.

ಗಾಯ ಮಾಯುವ ಹಂತಗಳು ಸಾಮಾನ್ಯವಾಗಿ ಈ ಕೆಳಕಂಡಂತಿರುತ್ತವೆ:

(ಅ) ಮೊದಲ 24 ಗಂಟೆ: ಹೆಪ್ಪು ರೂಪುಗೊಂಡು ಗಟ್ಟಿಯಾಗುತ್ತದೆ. ಉಗುಳಿನಲ್ಲಿ ತೆಳು ಕೆಂಪು ಬಣ್ಣ ಕಾಣಿಸಿಕೊಳ್ಳುವುದು ಸಹಜ.

(ಆ) 2 ಮತ್ತು 3ನೇ ದಿನ: ಊತವು ಗರಿಷ್ಠ ಮಟ್ಟಕ್ಕೆ ಏರಿ ಇಳಿಯತೊಡಗುತ್ತದೆ. ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಪ್ಪು ಇನ್ನೂ ಎಳೆಯದಾಗಿದ್ದು, ಸುಲಭವಾಗಿ ಕಿತ್ತುಬರುವ ಸ್ಥಿತಿಯಲ್ಲಿರುತ್ತದೆ.

(ಇ) 4ರಿಂದ 7ನೇ ದಿನ: ಹೆಪ್ಪಿನ ಸ್ಥಾನದಲ್ಲಿ ಮೃದುವಾದ ಹೊಸ ಅಂಗಾಂಶ ಬೆಳೆಯುತ್ತದೆ. ಕುಳಿಯ ಮೇಲೆ ಕಾಣುವ ತೆಳುವಾದ ಬಿಳಿಯ ಪದರ ಸಾಮಾನ್ಯವಾಗಿ ಕೀವಲ್ಲ. ಅದನ್ನು ಕೆರೆದು ತೆಗೆಯಬಾರದು.

(ಈ) 2ರಿಂದ 4ನೇ ವಾರ: ವಸಡು ಬೆಳೆದು ಕುಳಿಯ ಬಾಯಿ ಮುಚ್ಚುತ್ತಾ ಬರುತ್ತದೆ.

(ಉ) 3ರಿಂದ 6ನೇ ತಿಂಗಳು: ಒಳಭಾಗದಲ್ಲಿ ಮೂಳೆ ತುಂಬಿಕೊಳ್ಳುತ್ತದೆ.

3. ಧೂಮಪಾನದಿಂದ ಆಗುವ ತೊಂದರೆಗಳು

ಧೂಮಪಾನವು ಮೇಲ್ಕಂಡ ಪ್ರಕ್ರಿಯೆಗೆ ಹಲವು ವಿಧದಲ್ಲಿ ಅಡ್ಡಿಪಡಿಸುತ್ತದೆ.

(ಅ) ಸೆಳೆತ: ಬೀಡಿ ಅಥವಾ ಸಿಗರೇಟನ್ನು ಎಳೆಯುವಾಗ ಬಾಯಿಯೊಳಗೆ ಹೀರುವ ಒತ್ತಡ ಉಂಟಾಗುತ್ತದೆ. ಇದರಿಂದ ಎಳೆಯ ಹೆಪ್ಪು ಸಡಿಲಗೊಂಡು ಕುಳಿಯಿಂದ ಹೊರಬರುವ ಸಂಭವವಿರುತ್ತದೆ. ಸ್ಟ್ರಾ ಮೂಲಕ ಎಳನೀರು ಅಥವಾ ಹಣ್ಣಿನ ರಸ ಕುಡಿಯಬಾರದೆಂದು ಸೂಚಿಸುವುದೂ ಇದೇ ಕಾರಣಕ್ಕೆ.

(ಆ) ನಿಕೋಟಿನ್: ಇದು ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಗಾಯಕ್ಕೆ ಬರುವ ರಕ್ತದ ಪ್ರಮಾಣ ಕುಗ್ಗಿದರೆ ಕುಳಿಯು ಸರಿಯಾಗಿ ತುಂಬುವುದಿಲ್ಲ. ತುಂಬಿದರೂ ಹೊಸ ಅಂಗಾಂಶ ಬೆಳೆಯುವುದು ನಿಧಾನವಾಗುತ್ತದೆ.

(ಇ) ಕಾರ್ಬನ್ ಮೊನಾಕ್ಸೈಡ್: ಹೊಗೆಯಲ್ಲಿರುವ ಈ ಅನಿಲವು ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಸೇರಿಕೊಳ್ಳುತ್ತದೆ. ಪರಿಣಾಮವಾಗಿ ಗಾಯವನ್ನು ತಲುಪುವ ಆಮ್ಲಜನಕ ಕಡಿಮೆಯಾಗುತ್ತದೆ. ಸೇದುವುದನ್ನು ನಿಲ್ಲಿಸಿದ ಸುಮಾರು ಒಂದು ದಿನದಲ್ಲಿ ಈ ಅನಿಲದ ಪ್ರಮಾಣ ಬಹುಮಟ್ಟಿಗೆ ಇಳಿಯುತ್ತದೆ.

(ಈ) ಶಾಖ ಮತ್ತು ರಾಸಾಯನಿಕಗಳು: ಬಿಸಿ ಹೊಗೆ ಹಾಗೂ ಅದರಲ್ಲಿನ ವಸ್ತುಗಳು ತೆರೆದ ಗಾಯವನ್ನು ನೇರವಾಗಿ ಕೆರಳಿಸುತ್ತವೆ.

ಬೀಡಿಯು ಚಿಕ್ಕದಾದ್ದರಿಂದ ಹಾನಿಯೂ ಚಿಕ್ಕದೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಬೀಡಿಯ ಎಲೆಯಲ್ಲಿ ಗಾಳಿಯಾಡುವುದು ಕಡಿಮೆಯಾದ್ದರಿಂದ ಅದು ಆರದಂತೆ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಹಲ್ಲು ಕಿತ್ತ ಗಾಯದ ದೃಷ್ಟಿಯಿಂದ ಈ ಪದೇಪದೇ ಎಳೆಯುವಿಕೆಯೇ ಅಪಾಯಕಾರಿ.

4. ‘ಒಣ ಕುಳಿ’ ಎಂದರೇನು?

ಹೆಪ್ಪು ರೂಪುಗೊಳ್ಳದೆ ಇದ್ದಾಗ, ಕರಗಿಹೋದಾಗ ಅಥವಾ ಕಿತ್ತುಬಂದಾಗ ಕುಳಿಯ ಮೂಳೆ ಬರಿದಾಗಿ ತೆರೆದುಕೊಳ್ಳುತ್ತದೆ. ಈ ಸ್ಥಿತಿಯನ್ನು ದಂತವೈದ್ಯರು ‘ಡ್ರೈ ಸಾಕೆಟ್’ ಅಂದರೆ ‘ಒಣ ಕುಳಿ’ ಎಂದು ಕರೆಯುತ್ತಾರೆ. 1896ರಿಂದಲೂ ವೈದ್ಯಕೀಯ ಬರಹಗಳಲ್ಲಿ ಇದರ ವಿವರಣೆ ದೊರೆಯುತ್ತದೆ.

ಇದರ ಲಕ್ಷಣಗಳು ಈ ಕೆಳಕಂಡಂತಿವೆ:

- ಹಲ್ಲು ಕಿತ್ತ 1ರಿಂದ 3 ದಿನಗಳ ನಂತರ, ಕಡಿಮೆಯಾಗುತ್ತಿದ್ದ ನೋವು ಮತ್ತೆ ತೀವ್ರವಾಗುವುದು.
- ನೋವು ಅದೇ ಬದಿಯ ಕಿವಿ, ಕಣ್ಣು ಅಥವಾ ಕೆನ್ನೆಯ ಕಡೆಗೆ ಹರಡುವುದು.
- ಬಾಯಿಯಿಂದ ದುರ್ವಾಸನೆ, ನಾಲಿಗೆಯಲ್ಲಿ ಕೆಟ್ಟ ರುಚಿ.
- ಕನ್ನಡಿಯಲ್ಲಿ ನೋಡಿದಾಗ ಕುಳಿ ಖಾಲಿಯಾಗಿ ಕಾಣುವುದು ಅಥವಾ ಬಿಳಿಯ ಮೂಳೆ ಕಾಣುವುದು.
- ಸಾಮಾನ್ಯ ನೋವಿನ ಮಾತ್ರೆಗಳಿಂದ ಸಾಕಷ್ಟು ಶಮನ ದೊರೆಯದಿರುವುದು.

ಸಾಧಾರಣ ರೀತಿಯಲ್ಲಿ ಹಲ್ಲು ಕಿತ್ತಾಗ ನೂರರಲ್ಲಿ ಸುಮಾರು 1ರಿಂದ 5 ಪ್ರಕರಣಗಳಲ್ಲಿ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಕೆಳದವಡೆಯ ಬುದ್ಧಿ ಹಲ್ಲನ್ನು ಶಸ್ತ್ರಕ್ರಿಯೆಯ ಮೂಲಕ ತೆಗೆದಾಗ ಪ್ರಮಾಣವು ಇದಕ್ಕಿಂತ ಬಹಳ ಹೆಚ್ಚಾಗಬಹುದು. ವಿವಿಧ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಧೂಮಪಾನಿಗಳಲ್ಲಿ ಶೇಕಡ ಸುಮಾರು 13 ಮಂದಿಗೂ, ಧೂಮಪಾನ ಮಾಡದವರಲ್ಲಿ ಶೇಕಡ ಸುಮಾರು 4 ಮಂದಿಗೂ ಒಣ ಕುಳಿ ಉಂಟಾದುದು ಕಂಡುಬಂದಿದೆ. ಅಂದರೆ ಧೂಮಪಾನಿಗಳಲ್ಲಿ ಇದರ ಸಂಭವ ಮೂರು ಪಟ್ಟಿಗೂ ಹೆಚ್ಚು.

ಹಿಂದೆ ಒಣ ಕುಳಿ ಆಗಿದ್ದವರು, ಗರ್ಭನಿರೋಧಕ ಮಾತ್ರೆ ಸೇವಿಸುವ ಮಹಿಳೆಯರು, ಬಾಯಿಯ ಸ್ವಚ್ಛತೆ ಕಡಿಮೆಯಿರುವವರು ಹಾಗೂ ಕೆಳದವಡೆಯ ಹಿಂಬದಿ ಹಲ್ಲು ಕೀಳಿಸಿದವರಲ್ಲಿಯೂ ಸಂಭವ ಹೆಚ್ಚಿರುತ್ತದೆ. ಇಂತಹವರು ಧೂಮಪಾನಿಗಳೂ ಆಗಿದ್ದಲ್ಲಿ ವಿಶೇಷ ಎಚ್ಚರಿಕೆ ವಹಿಸತಕ್ಕದ್ದು.

5. ಔಷಧ ಅಂಗಡಿಯ ಮಾತ್ರೆ ಸಾಲದು

ಮೂರನೇ ದಿನ ನೋವು ಹೆಚ್ಚಾದಾಗ ಔಷಧ ಅಂಗಡಿಯಿಂದ ನೋವಿನ ಮಾತ್ರೆ ಮತ್ತು ಆಂಟಿಬಯೋಟಿಕ್ ತೆಗೆದುಕೊಂಡು ದಿನ ದೂಡುವವರಿದ್ದಾರೆ. ಒಣ ಕುಳಿಯು ಮುಖ್ಯವಾಗಿ ಸೋಂಕಿನ ಕಾಯಿಲೆಯಲ್ಲ. ಬರಿದಾದ ಮೂಳೆಗೆ ಹೊದಿಕೆ ಇಲ್ಲದಿರುವುದೇ ಅಲ್ಲಿನ ತೊಂದರೆ. ಆದುದರಿಂದ ಆಂಟಿಬಯೋಟಿಕ್ ಮಾತ್ರೆಯೊಂದರಿಂದಲೇ ಅದು ಗುಣವಾಗುವುದಿಲ್ಲ. ದಂತವೈದ್ಯರು ಕುಳಿಯನ್ನು ಮೆದುವಾಗಿ ತೊಳೆದು, ಔಷಧಯುಕ್ತ ಪಟ್ಟಿಯನ್ನು ಇಡುತ್ತಾರೆ. ಅನೇಕರಿಗೆ ಪಟ್ಟಿ ಇಟ್ಟ ಸ್ವಲ್ಪ ಸಮಯದಲ್ಲಿಯೇ ನೋವು ಇಳಿಯುತ್ತದೆ. ಅಗತ್ಯವಿದ್ದಲ್ಲಿ ಪಟ್ಟಿಯನ್ನು ಬದಲಾಯಿಸಲು ಮತ್ತೆ ಬರಲು ಸೂಚಿಸಲಾಗುತ್ತದೆ.

ಒಣ ಕುಳಿಯ ನೋವು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಶಮನವಾಗುತ್ತದೆ. ದಿನಗೂಲಿಯ ಮೇಲೆ ಅವಲಂಬಿತರಾದವರಿಗೆ ಅಷ್ಟು ದಿನಗಳ ನಿದ್ರೆಯಿಲ್ಲದ ರಾತ್ರಿ, ಊಟದ ತೊಂದರೆ ಹಾಗೂ ಕೆಲಸದ ನಷ್ಟವು ಸಣ್ಣ ವಿಷಯವಲ್ಲ. ತಡಮಾಡದೆ ಆಸ್ಪತ್ರೆಗೆ ಹಿಂದಿರುಗುವುದು ಎಲ್ಲ ರೀತಿಯಿಂದಲೂ ಲಾಭದಾಯಕ.

6. ಎಷ್ಟು ಕಾಲ ಧೂಮಪಾನ ಮಾಡಬಾರದು?

(ಅ) ಹಲ್ಲು ಕೀಳಿಸುವ ಮೊದಲು: ದಿನಾಂಕ ನಿಗದಿಯಾದ ಕೂಡಲೇ ನಿಲ್ಲಿಸುವುದು ಉತ್ತಮ. ಸಾಧ್ಯವಾಗದಿದ್ದಲ್ಲಿ ಕನಿಷ್ಠ 24 ಗಂಟೆ ಮುಂಚಿತವಾಗಿ ನಿಲ್ಲಿಸುವುದು.

(ಆ) ಸಾಧಾರಣ ರೀತಿಯಲ್ಲಿ ಹಲ್ಲು ಕಿತ್ತ ನಂತರ: ಕನಿಷ್ಠ 72 ಗಂಟೆ, ಅಂದರೆ ಪೂರ್ಣ ಮೂರು ದಿನ. ಒಂದು ವಾರದವರೆಗೆ ಮುಂದುವರಿಸುವುದು ಇನ್ನೂ ಕ್ಷೇಮಕರ.

(ಇ) ಬುದ್ಧಿ ಹಲ್ಲಿನ ಶಸ್ತ್ರಕ್ರಿಯೆ, ಮೂಳೆ ಕೊರೆದು ತೆಗೆದ ಹಲ್ಲು ಅಥವಾ ಹೊಲಿಗೆ ಹಾಕಿದ ಸಂದರ್ಭ: ಒಂದರಿಂದ ಎರಡು ವಾರ, ಅಥವಾ ವೈದ್ಯರು ಸೂಚಿಸಿದಷ್ಟು ಕಾಲ.

(ಈ) ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ತಂಬಾಕು ಬೆರೆಸಿದ ಎಲೆ-ಅಡಿಕೆ: ಇವು ಗಾಯಕ್ಕೆ ನೇರವಾಗಿ ತಾಗುವುದಲ್ಲದೆ, ಚೂರುಗಳು ಕುಳಿಯೊಳಗೆ ಸೇರುತ್ತವೆ. ಪದೇಪದೇ ಉಗುಳುವುದರಿಂದ ಹೆಪ್ಪು ಕಿತ್ತುಬರುತ್ತದೆ. ಕುಳಿಯ ಬಾಯಿ ಮುಚ್ಚುವವರೆಗೂ ಇವುಗಳನ್ನು ಬಳಸಬಾರದು.

ಹಲ್ಲುನೋವಿಗೆ ಹೊಗೆಸೊಪ್ಪು ಅಥವಾ ನಶ್ಯ ಒತ್ತಿಡುವ ರೂಢಿ ಕೆಲವೆಡೆ ಇದೆ. ಹಲ್ಲು ಕಿತ್ತ ಕುಳಿಯಲ್ಲಿ ತಂಬಾಕು, ಬೂದಿ, ಅರಿಸಿನ, ಕಾಫಿಪುಡಿ ಮುಂತಾದ ಯಾವುದೇ ವಸ್ತುವನ್ನು ತುಂಬಬಾರದು. ದಂತವೈದ್ಯರು ಬಳಸುವ ಔಷಧ ಪಟ್ಟಿಯಲ್ಲಿ ಲವಂಗದ ಎಣ್ಣೆಯ ಅಂಶವಿರಬಹುದಾದರೂ, ಮನೆಯಲ್ಲಿ ಲವಂಗದ ಎಣ್ಣೆಯನ್ನು ಗಾಯಕ್ಕೆ ಸುರಿದಲ್ಲಿ ವಸಡು ಸುಡುವ ಸಂಭವವಿದೆ.

7. ದಂತ ವಿಭಾಗಕ್ಕೆ ಬರುವಾಗ

ಹಲ್ಲು ಕೀಳಿಸಿಕೊಳ್ಳಲು ಬರುವವರು ಹೊರರೋಗಿ ಚೀಟಿ ಪಡೆದು, ಹಿಂದಿನ ಚಿಕಿತ್ಸೆಯ ದಾಖಲೆಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ಜೊತೆಯಲ್ಲಿ ತರತಕ್ಕದ್ದು. ಈ ಕೆಳಕಂಡ ವಿಷಯಗಳನ್ನು ವೈದ್ಯರು ಕೇಳುವ ಮೊದಲೇ ತಿಳಿಸುವುದು:

- ಮಧುಮೇಹ, ರಕ್ತದೊತ್ತಡ, ಹೃದಯದ ಕಾಯಿಲೆ, ಉಬ್ಬಸ, ಮೂತ್ರಪಿಂಡದ ಕಾಯಿಲೆ.
- ರಕ್ತ ತೆಳುಗೊಳಿಸುವ ಮಾತ್ರೆಗಳು. ಇವುಗಳನ್ನು ತಾವಾಗಿಯೇ ನಿಲ್ಲಿಸಬಾರದು.
- ಮೂಳೆ ಸವೆತಕ್ಕೆ ಪಡೆಯುತ್ತಿರುವ ಮಾತ್ರೆ ಅಥವಾ ಚುಚ್ಚುಮದ್ದು.
- ಗರ್ಭಿಣಿಯಾಗಿದ್ದಲ್ಲಿ ಆ ವಿಷಯ.
- ಯಾವುದೇ ಔಷಧ ಒಗ್ಗದಿರುವ ಬಗ್ಗೆ.
- ದಿನಕ್ಕೆ ಎಷ್ಟು ಬೀಡಿ ಅಥವಾ ಸಿಗರೇಟು, ಯಾವ ಬಗೆಯ ತಂಬಾಕು ಮತ್ತು ಕೊನೆಯ ಬಾರಿ ಬಳಸಿದ ಸಮಯ.

ಕೊನೆಯ ಅಂಶವನ್ನು ಮನೆಯವರ ಎದುರಿನ ಸಂಕೋಚದಿಂದ ಅಥವಾ ಬೈಗುಳದ ಭಯದಿಂದ ಮುಚ್ಚಿಡುವವರು ಹೆಚ್ಚು. ಮಹಿಳೆಯರು ಹಾಗೂ ಯುವಕರಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ಜೊತೆಯಲ್ಲಿ ಬಂದವರನ್ನು ಹೊರಗೆ ಕಳುಹಿಸಿ ಮಾತನಾಡಲು ಅವಕಾಶ ಕೋರಬಹುದಾಗಿದೆ. ತಂಬಾಕಿನ ವಿಷಯ ತಿಳಿದಿದ್ದಲ್ಲಿ ವೈದ್ಯರು ಹೊಲಿಗೆ ಹಾಕುವ ಬಗ್ಗೆ, ಬಾಯಿ ಮುಕ್ಕಳಿಸುವ ಔಷಧದ ಬಗ್ಗೆ ಹಾಗೂ ಮರುಭೇಟಿಯ ದಿನಾಂಕದ ಬಗ್ಗೆ ಅದಕ್ಕೆ ತಕ್ಕಂತೆ ತೀರ್ಮಾನಿಸಲು ಸಾಧ್ಯ.

ಮರಗಟ್ಟಿಸುವ ಚುಚ್ಚುಮದ್ದು ನೀಡಿ ಹಲ್ಲು ಕೀಳುವುದಾದರೆ, ವೈದ್ಯರು ಬೇರೆ ರೀತಿ ಸೂಚಿಸದ ಹೊರತು, ಲಘುವಾಗಿ ಆಹಾರ ಸೇವಿಸಿಯೇ ಬರುವುದು. ಕೆಲಸಕ್ಕೆ ಹಾಜರಾಗಲು ಸಾಧ್ಯವಾಗದವರು ವಿಶ್ರಾಂತಿ ಪ್ರಮಾಣಪತ್ರದ ಅಗತ್ಯವಿದ್ದಲ್ಲಿ ಅಂದೇ ವೈದ್ಯರಲ್ಲಿ ಕೋರುವುದು. ರಸ್ತೆಬದಿಯಲ್ಲಿ ಅಥವಾ ನೋಂದಣಿ ಇಲ್ಲದವರಿಂದ ಹಲ್ಲು ಕೀಳಿಸಿಕೊಳ್ಳಬಾರದು.

8. ಹಲ್ಲು ಕೀಳಿಸಿದ ನಂತರ ಅನುಸರಿಸಬೇಕಾದ ಕ್ರಮಗಳು

ಮೊದಲ ದಿನ:

(1) ವೈದ್ಯರು ಇಟ್ಟ ಹತ್ತಿ ಅಥವಾ ಗಾಜ್ ಬಟ್ಟೆಯನ್ನು 30ರಿಂದ 45 ನಿಮಿಷ ಬಿಗಿಯಾಗಿ ಕಚ್ಚಿ ಹಿಡಿಯುವುದು. ಪದೇಪದೇ ತೆಗೆದು ನೋಡಬಾರದು.
(2) ಉಗುಳನ್ನು ನುಂಗುವುದು. ಉಗಿಯಬಾರದು, ಬಾಯಿ ಮುಕ್ಕಳಿಸಬಾರದು.
(3) ಮರಗಟ್ಟಿದ್ದು ಬಿಡುವವರೆಗೂ ತುಟಿ, ಕೆನ್ನೆ ಕಚ್ಚಿಕೊಳ್ಳದಂತೆ ಎಚ್ಚರವಹಿಸುವುದು.
(4) ಬಿಸಿ ಕಾಫಿ, ಟೀ ಮತ್ತು ಬಿಸಿ ಸಾರು ಸೇವಿಸಬಾರದು. ಆರಿದ ಗಂಜಿ, ಮೊಸರನ್ನ, ರಾಗಿ ಅಂಬಲಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಮಜ್ಜಿಗೆ ಸೂಕ್ತ. ಲೋಟದಿಂದಲೇ ಕುಡಿಯುವುದು.
(5) ಭಾರ ಎತ್ತುವ, ಬಗ್ಗಿ ಮಾಡುವ ಕೆಲಸವನ್ನು ಮುಂದೂಡುವುದು. ಮಲಗುವಾಗ ತಲೆಯನ್ನು ಸ್ವಲ್ಪ ಎತ್ತರದಲ್ಲಿರಿಸುವುದು.
(6) ಕೆನ್ನೆಯ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ್ಗೆ ಹತ್ತು ನಿಮಿಷ ಇಡಬಹುದು.
(7) ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಸೇವಿಸುವುದು. ನೋವಿಗೆ ಆಸ್ಪಿರಿನ್ ತಾವಾಗಿ ಸೇವಿಸಿದಲ್ಲಿ ರಕ್ತಸ್ರಾವ ಹೆಚ್ಚಾಗಬಹುದು.
(8) ಮದ್ಯಪಾನ ಮಾಡಬಾರದು. ಮೆಟ್ರೋನಿಡಜೋಲ್ ಮಾತ್ರೆ ನೀಡಿದ್ದಲ್ಲಿ ಮಾತ್ರೆ ಮುಗಿದ ನಂತರವೂ ಎರಡು ದಿನ ಮದ್ಯ ವರ್ಜ್ಯ.

ಎರಡನೇ ದಿನದಿಂದ:

(1) ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಊಟದ ನಂತರ ಮೆದುವಾಗಿ ಬಾಯಿ ತೊಳೆಯುವುದು. ತಲೆಯನ್ನು ಅತ್ತಿತ್ತ ವಾಲಿಸಿ ನೀರು ತಾನಾಗಿ ಹೊರಬೀಳುವಂತೆ ಮಾಡುವುದು. ರಭಸದಿಂದ ಉಗಿಯಬಾರದು.
(2) ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜುವುದು. ಗಾಯದ ಬಳಿ ಎಚ್ಚರ ವಹಿಸುವುದು.
(3) ಅನ್ನ, ಮೆತ್ತಗಿನ ಮುದ್ದೆ, ಬೇಯಿಸಿ ಕಿವುಚಿದ ಬೇಳೆ-ತರಕಾರಿಯನ್ನು ಇನ್ನೊಂದು ಬದಿಯಿಂದ ಸೇವಿಸುವುದು. ಚಕ್ಕುಲಿ, ಕಡಲೆಕಾಯಿ, ಅವಲಕ್ಕಿ ಮಿಶ್ರಣದಂತಹ ಚೂರಾಗುವ ತಿನಿಸು ಹಾಗೂ ಹೆಚ್ಚು ಖಾರದ ಪದಾರ್ಥ ವರ್ಜ್ಯ.
(4) ನಾಲಿಗೆ, ಬೆರಳು, ಕಡ್ಡಿಯಿಂದ ಕುಳಿಯನ್ನು ಮುಟ್ಟಬಾರದು.

9. ಮೂರು ದಿನ ಸೇದದೆ ಇರುವ ಬಗೆ

ತಂಬಾಕು ನಿಲ್ಲಿಸಿದಾಗ ಉಂಟಾಗುವ ಚಡಪಡಿಕೆ, ಸಿಡುಕು, ನಿದ್ರೆ ಬಾರದಿರುವಿಕೆ ಸಾಮಾನ್ಯವಾಗಿ ಮೊದಲ ಎರಡು-ಮೂರು ದಿನಗಳಲ್ಲಿ ಅತಿ ಹೆಚ್ಚಾಗಿರುತ್ತವೆ. ಹಲ್ಲು ಕಿತ್ತ ಕುಳಿಗೆ ಅತ್ಯಂತ ಅಪಾಯದ ದಿನಗಳೂ ಅವೇ. ಈ ಕಾರಣದಿಂದಲೇ ಅನೇಕರು ‘ಒಂದೇ ಒಂದು’ ಎಂದು ಸೇದಿ ತೊಂದರೆಗೆ ಒಳಗಾಗುತ್ತಾರೆ. ಮುಂಚಿತವಾಗಿ ಸಿದ್ಧತೆ ಮಾಡಿಕೊಂಡಲ್ಲಿ ಈ ಅವಧಿಯನ್ನು ದಾಟುವುದು ಸಾಧ್ಯ.

- ಆಸ್ಪತ್ರೆಗೆ ಹೊರಡುವ ಮೊದಲೇ ಮನೆಯಲ್ಲಿರುವ ಬೀಡಿಕಟ್ಟು, ಸಿಗರೇಟು, ಬೆಂಕಿಪೊಟ್ಟಣವನ್ನು ತೆಗೆದುಹಾಕುವುದು.
- ಬಹುಮಂದಿಗೆ ಟೀ-ಕಾಫಿಯ ಜೊತೆಗೆ ಸೇದುವ ಅಭ್ಯಾಸವಿರುತ್ತದೆ. ಬಿಸಿ ಪಾನೀಯ ಹೇಗೂ ಮೊದಲ ದಿನ ನಿಷಿದ್ಧವಾದ್ದರಿಂದ, ಟೀ ಅಂಗಡಿಯ ಕಡೆಗೆ ಹೋಗುವುದನ್ನೇ ಮೂರು ದಿನ ಬಿಡುವುದು.
- ಸೇದಬೇಕೆಂಬ ತೀವ್ರ ಬಯಕೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿನಲ್ಲಿ ಗುಟುಕು ಗುಟುಕಾಗಿ ನೀರು ಕುಡಿಯುವುದು, ನಿಧಾನವಾಗಿ ಮೂಗಿನಿಂದ ಉಸಿರಾಡುವುದು, ಜಾಗ ಬದಲಿಸುವುದು ನೆರವಾಗುತ್ತದೆ.
- ಮನೆಯವರು ಹಾಗೂ ಜೊತೆ ಕೆಲಸಗಾರರು ರೋಗಿಯ ಎದುರು ಸೇದದಿರುವುದು. ಗದರಿಸುವುದಕ್ಕಿಂತ ಇದು ಹೆಚ್ಚು ಉಪಯುಕ್ತ.
- ನಿಕೋಟಿನ್ ಪಟ್ಟಿ ಬಳಸುವ ಬಗ್ಗೆ ವೈದ್ಯರನ್ನು ಮೊದಲೇ ಕೇಳುವುದು. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಹೊಗೆಯೂ ಇಲ್ಲ, ಎಳೆಯುವಿಕೆಯೂ ಇಲ್ಲ. ಆದರೆ ನಿಕೋಟಿನ್‌ಗೆ ತನ್ನದೇ ಪರಿಣಾಮವಿರುವುದರಿಂದ ವೈದ್ಯರ ಸಲಹೆ ಅಗತ್ಯ. ಅಗಿಯುವ ನಿಕೋಟಿನ್ ಗಮ್ ಗಾಯವನ್ನು ಕದಲಿಸಬಹುದಾದ್ದರಿಂದ ಮೊದಲ ದಿನಗಳಲ್ಲಿ ಸೂಕ್ತವಲ್ಲ.

ಮೂರು ದಿನ ದಾಟಿದವರು ನಿಕೋಟಿನ್ ಬಿಡುವ ಹಾದಿಯ ಅತ್ಯಂತ ಕಠಿಣ ಭಾಗವನ್ನು ದಾಟಿರುತ್ತಾರೆ. ಆ ಶ್ರಮವನ್ನು ನಾಲ್ಕನೇ ದಿನ ವ್ಯರ್ಥಮಾಡದೆ, ಶಾಶ್ವತವಾಗಿ ಬಿಡುವ ಆರಂಭವನ್ನಾಗಿ ಮಾಡಿಕೊಳ್ಳಬಹುದು. ಇದಕ್ಕಾಗಿ ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿದ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯ ಉಚಿತ ದೂರವಾಣಿ ಸಂಖ್ಯೆ 1800-11-2356. 2018ರಲ್ಲಿ ಈ ಸೇವೆಯನ್ನು ವಿಸ್ತರಿಸಿದಾಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಕೇಂದ್ರವನ್ನು ತೆರೆಯಲಾಯಿತು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಧೂಮಪಾನ ಮಾಡುವವರಿಗೆ ಹಲ್ಲು ಕೀಳಲು ನಿರಾಕರಿಸಲಾಗುವುದೇ?
ಉತ್ತರ: ಇಲ್ಲ. ಧೂಮಪಾನವು ಚಿಕಿತ್ಸೆ ನಿರಾಕರಿಸಲು ಕಾರಣವಲ್ಲ. ಮಾಹಿತಿಯನ್ನು ಚಿಕಿತ್ಸೆಯ ಅನುಕೂಲಕ್ಕಾಗಿ ಮಾತ್ರ ಕೇಳಲಾಗುತ್ತದೆ.

ಪ್ರಶ್ನೆ: ಗಾಯದ ಮೇಲೆ ಹತ್ತಿ ಇಟ್ಟುಕೊಂಡು ಸೇದಬಹುದೇ?
ಉತ್ತರ: ಸೇದಬಾರದು. ಹತ್ತಿಯು ಹೊಗೆಯನ್ನು ಅಷ್ಟಿಷ್ಟು ತಡೆದರೂ, ಸೆಳೆತವನ್ನಾಗಲಿ ರಕ್ತಕ್ಕೆ ಸೇರುವ ನಿಕೋಟಿನ್ ಮತ್ತು ಕಾರ್ಬನ್ ಮೊನಾಕ್ಸೈಡನ್ನಾಗಲಿ ತಡೆಯುವುದಿಲ್ಲ.

ಪ್ರಶ್ನೆ: ಹೊಲಿಗೆ ಹಾಕಿದ್ದಲ್ಲಿ ಅಪಾಯವಿಲ್ಲವೇ?
ಉತ್ತರ: ಹೊಲಿಗೆಯು ವಸಡಿನ ಅಂಚುಗಳನ್ನು ಹತ್ತಿರ ತರುತ್ತದೆ. ಆದರೆ ರಕ್ತಸಂಚಾರ ಕುಗ್ಗುವುದನ್ನು ಅದು ತಪ್ಪಿಸಲಾರದು.

ಪ್ರಶ್ನೆ: ಇ-ಸಿಗರೇಟು ಅಥವಾ ಹುಕ್ಕಾ ಬಳಸಬಹುದೇ?
ಉತ್ತರ: ಎರಡರಲ್ಲಿಯೂ ಎಳೆಯುವಿಕೆ ಇದೆ. ನಿಕೋಟಿನ್ ಇರುವ ಇ-ಸಿಗರೇಟು ಹಾಗೂ ತಂಬಾಕಿನ ಹುಕ್ಕಾದಿಂದ ನಿಕೋಟಿನ್ ಕೂಡ ರಕ್ತಕ್ಕೆ ಸೇರುತ್ತದೆ. ಇ-ಸಿಗರೇಟಿನ ತಯಾರಿಕೆ ಮತ್ತು ಮಾರಾಟವನ್ನು ದೇಶದಲ್ಲಿ 2019ರ ಕಾಯ್ದೆಯ ಮೂಲಕ ನಿಷೇಧಿಸಲಾಗಿದೆ.

ಪ್ರಶ್ನೆ: ತಡೆಯಲಾರದೆ ಒಮ್ಮೆ ಸೇದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಗಾಬರಿಗೊಳ್ಳುವ ಅಗತ್ಯವಿಲ್ಲ. ರಭಸದಿಂದ ಬಾಯಿ ಮುಕ್ಕಳಿಸಬಾರದು. ‘ಹೇಗೂ ಆಯಿತು’ ಎಂದು ಮುಂದುವರಿಸದೆ ಅಲ್ಲಿಗೇ ನಿಲ್ಲಿಸುವುದು. ಸೇದಿದ ಪ್ರತಿಯೊಬ್ಬರಿಗೂ ಒಣ ಕುಳಿ ಆಗುವುದಿಲ್ಲ, ಆದರೆ ಪ್ರತಿ ಬೀಡಿಯೂ ಅಪಾಯವನ್ನು ಹೆಚ್ಚಿಸುತ್ತದೆ. ನೋವು ಹೆಚ್ಚಾದಲ್ಲಿ ಆಸ್ಪತ್ರೆಗೆ ಬಂದು ನಡೆದುದನ್ನು ನಡೆದಂತೆಯೇ ತಿಳಿಸುವುದು.

11. ಕೂಡಲೇ ಆಸ್ಪತ್ರೆಗೆ ಬರಬೇಕಾದ ಸಂದರ್ಭಗಳು

(ಅ) ಶುಭ್ರವಾದ ಬಟ್ಟೆಯನ್ನು ಮಡಿಸಿ 30 ನಿಮಿಷ ಬಿಗಿಯಾಗಿ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದಲ್ಲಿ.
(ಆ) ಮೂರನೇ ದಿನದ ನಂತರ ನೋವು ಅಥವಾ ಊತ ಹೆಚ್ಚುತ್ತಿದ್ದಲ್ಲಿ.
(ಇ) ಜ್ವರ, ಕೀವು, ಬಾಯಿ ತೆರೆಯಲಾಗದಿರುವುದು.
(ಈ) ತುಟಿ ಅಥವಾ ಗಲ್ಲದ ಮರಗಟ್ಟುವಿಕೆ ಮರುದಿನವೂ ಬಿಡದಿದ್ದಲ್ಲಿ.
(ಉ) ಊತವು ಕುತ್ತಿಗೆಗೆ ಹರಡಿ ಉಸಿರಾಡಲು ಅಥವಾ ನುಂಗಲು ಕಷ್ಟವಾದಲ್ಲಿ. ಇದು ಜೀವಕ್ಕೆ ಅಪಾಯವಿರುವ ಸ್ಥಿತಿಯಾಗಿದ್ದು, 108 ಸಂಖ್ಯೆಗೆ ಕರೆ ಮಾಡಿ ತಕ್ಷಣ ಆಂಬ್ಯುಲೆನ್ಸ್ ಪಡೆಯುವುದು.

ವಿಶೇಷ ಸೂಚನೆ: ತಂಬಾಕು ಬಳಸುವವರಲ್ಲಿ ಹಲ್ಲು ಕಿತ್ತ ಸ್ಥಳದ ಗಾಯ ಮೂರು ವಾರ ಕಳೆದರೂ ಮಾಯದಿದ್ದಲ್ಲಿ, ಅಲ್ಲಿ ಮಾಂಸ ಬೆಳೆಯುತ್ತಿದ್ದಲ್ಲಿ, ಅಕ್ಕಪಕ್ಕದ ಹಲ್ಲು ಕಾರಣವಿಲ್ಲದೆ ಅಲುಗಾಡುತ್ತಿದ್ದಲ್ಲಿ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದಲ್ಲಿ ಅದನ್ನು ಒಣ ಕುಳಿಯೆಂದು ಭಾವಿಸಿ ಕಾಯಬಾರದು. ಬಾಯಿ ಕ್ಯಾನ್ಸರ್ ಕೆಲವೊಮ್ಮೆ ಹೀಗೆಯೇ ಮೊದಲು ಗಮನಕ್ಕೆ ಬರುತ್ತದೆ. ಆರಂಭದಲ್ಲಿಯೇ ಪತ್ತೆಯಾದಲ್ಲಿ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಇಂತಹವರನ್ನು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂತಹ ಉನ್ನತ ಚಿಕಿತ್ಸಾ ಕೇಂದ್ರಗಳಿಗೆ ಕಳುಹಿಸಲಾಗುತ್ತದೆ.

12. ಆಸ್ಪತ್ರೆಯ ಆವರಣದಲ್ಲಿ ಧೂಮಪಾನ

ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ, 2003 ಹಾಗೂ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳ ಅನ್ವಯ ಆಸ್ಪತ್ರೆಗಳು ಸೇರಿದಂತೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ. 2025ರಲ್ಲಿ ಜಾರಿಗೆ ಬಂದ ಕರ್ನಾಟಕ ತಿದ್ದುಪಡಿಯ ಮೂಲಕ ದಂಡದ ಮೊತ್ತವನ್ನು ರೂ. 200ರಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದ್ದು, ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನಗಳ ಮಾರಾಟವನ್ನು ನಿಷೇಧಿಸಲಾಗಿದೆ. ಸರದಿಗಾಗಿ ಕಾಯುವ ರೋಗಿಗಳು ಹಾಗೂ ಅವರ ಜೊತೆಯಲ್ಲಿ ಬರುವವರು ಸಹಕರಿಸಲು ಕೋರಲಾಗಿದೆ.

13. ಸಾರಾಂಶ

ಹಲ್ಲು ಕೀಳುವುದು ವೈದ್ಯರ ಕೆಲಸ, ಹೆಪ್ಪನ್ನು ಕಾಯುವುದು ರೋಗಿಯ ಕೆಲಸ. ಮೂರು ದಿನ ಸೇದದಿರುವುದು, ಉಗಿಯದಿರುವುದು, ಸೆಳೆಯದಿರುವುದು ಇದರ ಮುಖ್ಯ ಭಾಗ. ನೋವು ಇಳಿಯುವ ಬದಲು ಏರತೊಡಗಿದಲ್ಲಿ, ಸೇದಿದ್ದರೂ ಸಂಕೋಚವಿಲ್ಲದೆ, ಹಲ್ಲು ಕೀಳಿಸಿದ ಆಸ್ಪತ್ರೆಗೆ ಹಿಂದಿರುಗುವುದು.

ವಿ.ಸೂ.: ಈ ಪುಟದಲ್ಲಿನ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಚಿಕಿತ್ಸೆ ನೀಡಿದ ದಂತವೈದ್ಯರ ಸೂಚನೆಗಳು ಇದಕ್ಕಿಂತ ಭಿನ್ನವಾಗಿದ್ದಲ್ಲಿ ಅವರ ಸೂಚನೆಗಳನ್ನೇ ಪಾಲಿಸತಕ್ಕದ್ದು. ಹೆಚ್ಚಿನ ವಿವರಗಳಿಗೆ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ಚಿಕಿತ್ಸಾ ವಿಭಾಗವನ್ನು ಸಂಪರ್ಕಿಸುವುದು.